ಗೋಬರ್ ಗ್ಯಾಸಿಗೆ ಹೆಪ್ಪು ಹಾಕಿದ್ದು

ತಂಗಿಯ ಮದುವೆ ಮುಗಿದು ಐದನೇ ದಿನ ಬೆಳಿಗ್ಗೆ ಅವ್ವ ಕೂಗಿದಳು, "ಏ, ಒಲಿ ಹತ್ತವಲ್ದು ನೋಡ." ನಳ ತಿರುವಿದರೆ ಸುಂಯ್ ಅಂತ ಗ್ಯಾಸ್ ಬರುತ್ತಿತ್ತು. ಕಡ್ಡಿ ಹಿಡಿದರೆ ಕಡ್ಡಿಯೇ ಆರಿಹೋಗುತ್ತಿತ್ತು.

ನಮ್ಮೂರು ಜಮಖಂಡಿ ಹತ್ತಿರ. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಗೆ ನನಗಿಂತ ಜಾಸ್ತಿ ವಯಸ್ಸು. ಹೋಗಿ ನೋಡಿದರೆ ಹಳಸಿದ ಅಂಬಲಿಯ ಹುಳಿ ವಾಸನೆ. "ಉಳಿದ ಗೋಧಿ ಹುಗ್ಗಿ, ಅನ್ನ ಎಲ್ಲಾ ಅದಕ್ಕ ಸುರುವೀನಿ" ಅಂದರು ಕಾಕಾ.

ನಾನು ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದಿದವಳು. ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದೆ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 5.5. ಒಲೆಯಲ್ಲಿ ಉರಿಯುವ ಗ್ಯಾಸು, ಅಂದರೆ ಮೀಥೇನ್, ಮಾಡುವ ಜೀವಿಗಳಿಗೆ 7ರ ಆಸುಪಾಸು ಬೇಕು. ಬೆಲ್ಲದ ಹುಗ್ಗಿ ಸಿಕ್ಕಿದ್ದೇ ತಡ, ಹುಳಿ ಮಾಡುವ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ದುಪ್ಪಟ್ಟಾಗಿದ್ದವು. ಆ ಹುಳಿಯನ್ನು ತಿಂದು ಮೀಥೇನ್ ಮಾಡುವವು ಬೆಳೆಯಲು ದಿನಗಟ್ಟಲೆ ತಗೊಳ್ತವೆ. ಅವು ಹಿಂದೆ ಬಿದ್ದಿದ್ದವು.

"ಪೇಟ್ಯಾಗ ಬ್ಯಾಕ್ಟೀರಿಯಾ ಪುಡಿ ಸಿಗ್ತೈತಿ, ತರ್ಲೇನು?" ಕಾಕಾ ಕೇಳಿದರು. ನನಗೆ ಕ್ಲಾಸಿನಲ್ಲಿ ಕೇಳಿದ ಒಂದು ಸಂಗತಿ ನೆನಪಾಯಿತು. ಮೆಥನೋಬ್ಯಾಸಿಲಸ್ ಒಮೆಲಿಯಾನ್ಸ್ಕಿ ಅನ್ನುವುದನ್ನು ವರ್ಷಗಟ್ಟಲೆ ಒಂದೇ ಜೀವಿ ಅಂದುಕೊಂಡಿದ್ದರು. 1967ರಲ್ಲಿ ಬ್ರಯಂಟ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ನೋಡಿದರೆ ಅವು ಎರಡು! ಒಂದು ಆಲ್ಕೋಹಾಲ್ ಒಡೆದು ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಅದನ್ನು ತಿಂದು ಮೀಥೇನ್ ಮಾಡುತ್ತದೆ. ಎರಡನೆಯದು ತಿನ್ನದಿದ್ದರೆ ಮೊದಲನೆಯದರ ಕೆಲಸವೂ ನಿಲ್ಲುತ್ತದೆ. ಇಂಥ ಸಂಸಾರವನ್ನು ಬಿಡಿಬಿಡಿಯಾಗಿ ತಂದು ಕೂಡಿಸುವುದು ಕಷ್ಟ. ಕೂಡಿ ಬಾಳುತ್ತಿರುವುದನ್ನೇ ಇಡಿಯಾಗಿ ತರಬೇಕು.

"ಚಲೋ ನಡದಿರೋ ಗುಂಡಿಯಿಂದ ಸಗಣಿ ಸ್ಲರಿ ತರೋಣ" ಅಂದೆ. ಅವ್ವನಿಗೆ ಥಟ್ಟನೆ ತಿಳಿಯಿತು. "ಹೆಪ್ಪು ಅಂತ ಅನ್ನು ಮತ್ತ!"

ಓಣಿಯ ಕೊನೆಮನೆಯವರ ಗುಂಡಿಯಿಂದ ಆರು ಕೊಡ ತಂದೆವು. ಮೀಥೇನ್ ಜೀವಿಗಳಿಗೆ ಗಾಳಿ ಆಗಿಬರಲ್ಲ. ಅದಕ್ಕೆ ಕೊಡವನ್ನು ಕಂಠಮಟ್ಟ ತುಂಬಿಸಿ, ಬಾಯಿ ಮುಚ್ಚಿ, ಬಿರಬಿರನೆ ನಡೆದೆವು. ಸ್ವಲ್ಪ ಸುಣ್ಣದ ತಿಳಿನೀರು ಹಾಕಿದೆ. ಒಂದು ವಾರ ಗುಂಡಿಗೆ ಉಪವಾಸ. ಆಮೇಲೆ ದಿನಕ್ಕೆ ಅರ್ಧ ಬುಟ್ಟಿ ಸಗಣಿ, ಅಷ್ಟೇ. ಜಾಸ್ತಿ ಹಾಕಲು ಕಾಕಾನ ಕೈ ತುರಿಸುತ್ತಿತ್ತು, ನಾನು ಬಿಡಲಿಲ್ಲ. ನಿಧಾನದವುಗಳ ಹೆಜ್ಜೆಗೇ ನಾವು ನಡೆಯಬೇಕಿತ್ತು, ಅಲ್ವಾ?

ದಿನಾ ಬೆಳಿಗ್ಗೆ ಕಾಗದ ಅದ್ದುತ್ತಿದ್ದೆ. 6 ಆಯಿತು, 6.5 ಆಯಿತು. ಹುಳಿ ವಾಸನೆ ಹೋಗಿ ಸಗಣಿಯ ವಾಸನೆ ಬಂದಾಗ ನನಗೆ ಕಣ್ಣು ತುಂಬಿತು.

ಹದಿನಾಲ್ಕನೇ ದಿನ ಅವ್ವ ಕಡ್ಡಿ ಗೀರಿದಳು. ಭಪ್ ಅಂತ ನೀಲಿ ಉರಿ ಎದ್ದಿತು. ಹಾಲು ಬಿಸಿಯಾಗುವಷ್ಟು ಹೊತ್ತು ಉರಿದು ಆರಿತು. ಅವ್ವ ಆ ಹಾಲಿಗೇ ಹೆಪ್ಪು ಹಾಕಿಟ್ಟಳು.