‘ಟೀ ಆರ್ ಕಾಫಿ?’ ಎಂದರೆ ಎರಡು ಪ್ರಶ್ನೆ

ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ದಿನ. ಬೆಳಿಗ್ಗೆ ಹತ್ತೂವರೆಗೆ ಟ್ರಾಲಿ ತಳ್ಳಿಕೊಂಡು, ಕಿಟಕಿಯ ಪಕ್ಕ ಕುಳಿತಿದ್ದ ಅಜ್ಜಿಯ ಬಳಿ ಹೋಗಿ ‘ವುಡ್ ಯು ಲೈಕ್ ಟೀ ಆರ್ ಕಾಫಿ?’ ಎಂದು ಕೇಳಿದೆ. ‘ಯೆಸ್, ಪ್ಲೀಸ್’ ಎಂದರು. ನಾನು ಟೀ ಪಾತ್ರೆಯ ಹಿಡಿಯ ಮೇಲೆ ಕೈಯಿಟ್ಟು ಕಾದೆ. ಅವರೂ ನನ್ನ ಮುಖವನ್ನೇ ನೋಡುತ್ತ ಕಾದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದೆ. ‘ಯೆಸ್, ಲವ್’ ಎಂದು ನಕ್ಕರು. ಪಾಪ, ಕಿವಿ ಮಂದವಾಗಿರಬೇಕು, ಇಲ್ಲವೇ ಮರೆವು ಇರಬೇಕು ಎಂದುಕೊಂಡೆ.

ಕಿವಿಯೂ ಸರಿಯಿತ್ತು, ಆ ಹೊತ್ತಿಗೆ ನೆನಪೂ ಸರಿಯಿತ್ತು. ಏರುಪೇರಾಗಿದ್ದದ್ದು ನನ್ನ ದನಿ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ಸಹೋದ್ಯೋಗಿಯೊಬ್ಬರು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟರು. ‘ಟೀ’ ಎನ್ನುವಾಗ ದನಿ ಏರಬೇಕು, ‘ಕಾಫಿ’ ಎನ್ನುವಾಗ ಇಳಿಯಬೇಕು. ಆಗ ಅದು ‘ಎರಡರಲ್ಲಿ ಯಾವುದು’ ಎಂಬ ಪ್ರಶ್ನೆ. ನಾನು ಕೊನೆಯವರೆಗೂ ದನಿಯನ್ನು ಏರಿಸಿಕೊಂಡೇ ಹೋಗಿದ್ದೆ. ಹಾಗೆ ಕೇಳಿದರೆ ‘ಕುಡಿಯಲು ಏನಾದರೂ ಬೇಕೇ’ ಎಂದಷ್ಟೇ ಅರ್ಥ, ಅದಕ್ಕೆ ‘ಹೌದು’ ಎನ್ನುವುದೇ ಸರಿಯಾದ ಉತ್ತರ. ಪದಗಳು ಅವೇ, ಕ್ರಮವೂ ಅದೇ. ಒಂದು ದನಿಯ ಇಳಿತ ಇಡೀ ಪ್ರಶ್ನೆಯನ್ನು ಬದಲಿಸುತ್ತದೆ.

ಪುತ್ತೂರಿನ ನಮ್ಮ ಮನೆಯಲ್ಲಿ ಇಂಥ ಗೊಂದಲಕ್ಕೆ ಎಡೆಯೇ ಇಲ್ಲ. ‘ಕಾಫಿಯೋ ಟೀಯೋ?’ ಎಂದರೆ ಯಾರೂ ‘ಹೌದು’ ಎನ್ನಲಾರರು. ‘ಕಾಫಿ, ಟೀ ಏನಾದರೂ ಬೇಕೇ?’ ಎಂದರೆ ‘ಹೌದು’ ಎನ್ನಬಹುದು. ಕನ್ನಡದ ‘ಓ’ ಪ್ರತಿ ಪದದ ಬಾಲದಲ್ಲಿ ಕುಳಿತು, ಇದು ಆಯ್ಕೆ ಎಂದು ಸಾರಿ ಹೇಳುತ್ತದೆ. ದನಿ ಏರಿದರೂ ಇಳಿದರೂ ಅರ್ಥ ಕೆಡುವುದಿಲ್ಲ. ಶಾಲೆಯಲ್ಲಿ ‘ಆರ್’ ಎಂದರೆ ‘ಅಥವಾ’ ಎಂದು ಬಾಯಿಪಾಠ ಮಾಡಿಸಿದ್ದರು. ಆದರೆ ಅಡುಗೆಮನೆಯಲ್ಲಿ ನಿಂತು ‘ಅಥವಾ’ ಎನ್ನುವವರು ಯಾರಿದ್ದಾರೆ? ‘ದೋಸೆ ಹುಯ್ಯಲೋ, ಗಂಜಿ ಬಡಿಸಲೋ’, ‘ಹೋಗಲೋ ಬೇಡವೋ’, ‘ಬರುತ್ತಾನೋ ಇಲ್ಲವೋ’ ಎಂದೇ ನಮ್ಮ ದಿನ ಕಳೆಯುತ್ತದೆ. ಆ ‘ಓ’ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಅದಿಲ್ಲದ ಭಾಷೆಯಲ್ಲಿ ದುಡಿಯತೊಡಗಿದ ಮೇಲೆಯೇ ನನಗೆ ತಿಳಿದದ್ದು.

ನಾನಿರುವುದು ಇಂಗ್ಲೆಂಡಿನ ಉತ್ತರದ ಯಾರ್ಕ್‌ಷೈರಿನಲ್ಲಿ. ಕೇರ್ ಹೋಮಿನಲ್ಲಿ ದಿನವಿಡೀ ಎರಡರ ನಡುವೆ ಒಂದನ್ನು ಕೇಳುವುದೇ ನಮ್ಮ ಉದ್ಯೋಗ ಎಂದರೂ ಸರಿ. ಬಿಳಿ ಬ್ರೆಡ್ಡೋ ಕಂದು ಬ್ರೆಡ್ಡೋ, ಸ್ನಾನವೋ ಶವರೋ, ಬಾಗಿಲು ತೆರೆದಿರಲೋ ಮುಚ್ಚಲೋ. ಹೊಸಬರು ತಿಳಿದಿರಬೇಕಾದ ಇನ್ನೊಂದು ಮಾತೂ ಇದೆ: ಈ ಸೀಮೆಯ ಹಿರಿಯರಿಗೆ ‘ಟೀ’ ಎಂದರೆ ಸಂಜೆಯ ಊಟವೂ ಹೌದು. ‘ಟೀಗೆ ಏನು?’ ಎಂದು ಕೇಳಿದವರ ಮುಂದೆ ಕಪ್ಪು-ಬಸಿ ಹಿಡಿದು ನಿಂತರೆ ಅವರಿಗೆ ಬೇಸರವಾಗುತ್ತದೆ.

ಹೀಗೆ ಕೇಳುವುದು ಬರಿಯ ಉಪಚಾರವಲ್ಲ, ಅದರ ಹಿಂದೆ ಕಾನೂನಿದೆ. ಇಂಗ್ಲೆಂಡ್ ಮತ್ತು ವೇಲ್ಸಿಗೆ ಅನ್ವಯಿಸುವ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್ ಪ್ರಕಾರ, ಇಲ್ಲವೆಂದು ಸಾಬೀತಾಗುವವರೆಗೆ ಯಾವ ವಯಸ್ಕರಿಗೂ ತಮ್ಮ ನಿರ್ಧಾರ ತಾವೇ ಮಾಡುವ ಶಕ್ತಿ ಇದೆ ಎಂದೇ ಎಣಿಸಬೇಕು. ನಿರ್ಧರಿಸಲು ಬೇಕಾದ ಸಹಾಯವನ್ನೆಲ್ಲ ಮಾಡಿ ನೋಡದೆ, ಇವರಿಗೆ ಆಗದು ಎಂದು ತೀರ್ಮಾನಿಸುವಂತಿಲ್ಲ. ಅವರು ಆರಿಸಿದ್ದು ನಮಗೆ ಜಾಣತನವೆಂದು ತೋರದಿದ್ದರೆ, ಅದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ತರಬೇತಿಯ ಮೊದಲ ವಾರ ಇದನ್ನು ಕೇಳಿ ನನಗೆ ನಮ್ಮ ಅಜ್ಜಿಯ ನೆನಪಾಗಿ ಗಂಟಲು ಕಟ್ಟಿತು. ಕೊನೆಯ ಐದು ವರ್ಷ ಅವರನ್ನು ನಾವು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆವು. ಆದರೆ ಯಾವ ಸೀರೆ ಉಡುತ್ತೀರಿ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

‘ಆರ್’ ನನ್ನನ್ನು ಹೆಚ್ಚು ಬೆದರಿಸಿದ್ದು ಮಾತ್ರೆಯ ಪೆಟ್ಟಿಗೆಯ ಮೇಲೆ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ‘ಒನ್ ಆರ್ ಟು ಟ್ಯಾಬ್ಲೆಟ್ಸ್’, ದಿನಕ್ಕೆ ಹೆಚ್ಚೆಂದರೆ ನಾಲ್ಕು ಬಾರಿ. ನನ್ನ ತಲೆಯೊಳಗೆ ಅದು ‘ಒಂದೆರಡು ಮಾತ್ರೆ’ ಎಂದು ಓದಿಸಿಕೊಂಡಿತು. ನಮ್ಮ ‘ಒಂದೆರಡು’ ಅಂದಾಜಿನ ಮಾತು. ಒಂದೆರಡು ಮಾತು, ನಾಲ್ಕೈದು ಜನ, ಹತ್ತಿಪ್ಪತ್ತು ರೂಪಾಯಿ ಎಂದಾಗ ಯಾರೂ ಎಣಿಸಿ ನೋಡುವುದಿಲ್ಲ. ಇಂಗ್ಲಿಷಿನಲ್ಲಿಯೂ ‘ಎ ಡೇ ಆರ್ ಟು’ ಎಂದರೆ ಅಂದಾಜೇ. ಆದರೆ ಪೆಟ್ಟಿಗೆಯ ಮೇಲಿನ ‘ಒನ್ ಆರ್ ಟು’ ಅಂದಾಜಲ್ಲ, ‘ಒಂದೋ, ಎರಡೋ’. ಪ್ರತಿ ಸಲವೂ ನೋವು ಎಷ್ಟಿದೆ ಎಂದು ಅವರನ್ನು ಕೇಳಬೇಕು, ಕೊಟ್ಟದ್ದು ಒಂದೇ ಎರಡೇ ಎಂದು ಔಷಧದ ಚಾರ್ಟಿನಲ್ಲಿ ಬರೆಯಬೇಕು. ಇಲ್ಲವಾದರೆ ರಾತ್ರಿ ಪಾಳಿಯವರಿಗೆ ಆ ದಿನದ ಲೆಕ್ಕ ಸಿಗುವುದಿಲ್ಲ, 24 ಗಂಟೆಗೆ ಎಂಟು ಮಾತ್ರೆ ಎಂಬ ಮಿತಿ ಯಾರ ಗಮನಕ್ಕೂ ಬಾರದೆ ದಾಟಿಹೋದೀತು. ಒಂದು ಪುಟ್ಟ ‘ಓ’ ಅಲ್ಲಿ ಇದ್ದಿದ್ದರೆ ಎಂದು ಎಷ್ಟು ಸಲ ಅನ್ನಿಸಿದೆಯೋ!

‘ಬೇಡ’ ಎನ್ನುವಾಗ ‘ಆರ್’ ಇನ್ನೊಂದು ಬಗೆ. ‘ನೋ ಫುಡ್ ಆರ್ ಡ್ರಿಂಕ್’ ಎಂದರೆ ಊಟವೂ ಇಲ್ಲ, ನೀರೂ ಇಲ್ಲ. ಇಂಗ್ಲಿಷ್ ‘ಆರ್’ ಎನ್ನುವ ಕಡೆ ನಾವು ‘ಊ’ ಎನ್ನುತ್ತೇವೆ. ಅದನ್ನು ಪದಕ್ಕೆ ಪದವಿಟ್ಟು ‘ಆಹಾರ ಅಥವಾ ನೀರು ಕೊಡಬಾರದು’ ಎಂದು ಬರೆದರೆ, ಎರಡರಲ್ಲಿ ಒಂದನ್ನು ಕೊಟ್ಟರೆ ಅಡ್ಡಿಯಿಲ್ಲವೇನೋ ಎಂಬ ಸಂದೇಹ ಉಳಿಯುತ್ತದೆ. ನಮ್ಮ ಊರಿನ ಆಸ್ಪತ್ರೆಗಳಿಗೆ ಫಲಕ ಬರೆಯುವವರು ದಯವಿಟ್ಟು ‘ಅಥವಾ’ವನ್ನು ಬಿಟ್ಟು ‘ಊ’ ಹಾಕಿ ಎಂದು ಕೈಮುಗಿದು ಕೇಳಬೇಕೆನಿಸುತ್ತದೆ.

ಇನ್ನು ‘ಐದರ್’. ಹಾಸಿಗೆ ಹಿಡಿದ ಒಬ್ಬರ ಆರೈಕೆಯ ಹಾಳೆಯಲ್ಲಿ ‘ಎ ಪಿಲ್ಲೋ ಆನ್ ಐದರ್ ಸೈಡ್’ ಎಂದಿತ್ತು. ಎಡಗಡೆಯಾದರೂ ಸರಿ, ಬಲಗಡೆಯಾದರೂ ಸರಿ ಎಂದು ಓದಿಕೊಂಡು ಬಲಕ್ಕೆ ಒಂದು ದಿಂಬಿಟ್ಟು ಬಂದೆ. ಅರ್ಧ ಗಂಟೆಯಲ್ಲಿ ಅವರು ಎಡಕ್ಕೆ ವಾಲಿದ್ದರು, ಮಂಚದ ಕಂಬಿಗೆ ಮೊಣಕೈ ಒತ್ತಿ ಕೆಂಪಾಗಿತ್ತು. ‘ಐದರ್ ಸೈಡ್’ ಎಂದರೆ ಎರಡೂ ಬದಿ! ‘ಒಂದೋ ಇದು, ಇಲ್ಲವೇ ಅದು’ ಎನ್ನಲು ಬಳಸುವ ಪದವೇ ‘ಇದೂ ಅದೂ’ ಎಂದೂ ಹೇಳುತ್ತದೆ. ಆ ಕೆಂಪು ಗುರುತು ಸಂಜೆಗೆ ಮಾಸಿತು, ನನ್ನ ಮನಸ್ಸಿನಿಂದ ಮಾತ್ರ ಬಹಳ ದಿನ ಮಾಸಲಿಲ್ಲ.

ಅಂದು ರಾತ್ರಿಯೇ ನಿಘಂಟು ತೆರೆದೆ. ಸಿಕ್ಕಿದ್ದನ್ನು ಕಂಡು ನಿದ್ದೆ ಹಾರಿಹೋಯಿತು. ‘ಐದರ್’ನ ಹಳೆಯ ಅರ್ಥವೇ ‘ಎರಡರಲ್ಲಿ ಒಂದೊಂದೂ’. ‘ವೆದರ್’ (ಹವಾಮಾನದ್ದಲ್ಲ, ‘ಹೌದೋ ಅಲ್ಲವೋ’ ಎನ್ನುವಾಗಿನ whether) ಎಂದರೆ ಮೊದಲು ‘ಎರಡರಲ್ಲಿ ಯಾವುದು’. 1611ರ ಇಂಗ್ಲಿಷ್ ಬೈಬಲಿನಲ್ಲಿ ಇಬ್ಬರು ಮಕ್ಕಳ ಕಥೆ ಹೇಳಿ, ತಂದೆಯ ಮಾತು ನಡೆಸಿದವನು ಇವರಿಬ್ಬರಲ್ಲಿ ಯಾರು ಎಂದು ಕೇಳುವ ಕಡೆ ‘ವೆದರ್’ ಎಂಬ ಪದವೇ ಇದೆ. ‘ಇನ್ನೊಂದು’ ಎನ್ನುವ ‘ಅದರ್’, ‘ಐದರ್’, ‘ವೆದರ್’ ಮೂರರ ಕೊನೆಯಲ್ಲಿಯೂ ಇರುವ ‘ದರ್’, ಸಂಸ್ಕೃತದ ‘ತರ’ದ ದಾಯಾದಿ. ‘ವೆದರ್’ ಮತ್ತು ‘ಕತರ’ ಒಂದೇ ಬೇರಿನವು. ಎರಡರಲ್ಲಿ ಯಾವುದು ಎಂದರೆ ‘ಕತರ’, ಹಲವರಲ್ಲಿ ಯಾವುದು ಎಂದರೆ ‘ಕತಮ’. ನಾವು ‘ತರತಮ’ ಎನ್ನುವುದೂ, ‘ತಾರತಮ್ಯ’ ಎನ್ನುವುದೂ ಅದೇ ತರ, ತಮಗಳಿಂದ. ‘ಆರ್’ ಕೂಡ ‘ಅದರ್’ ಎಂಬಂಥ ಹಳೆಯ ಪದವೊಂದು ಬಾಯಿಂದ ಬಾಯಿಗೆ ಸವೆದು ಉಳಿದ ಚೂರು. ನನ್ನನ್ನು ಅಷ್ಟು ಕಾಡಿದ ಪದದ ಮನೆತನದವರು ನಮ್ಮ ಮಾತಿನೊಳಗೂ ಇದ್ದಾರೆಂದು ತಿಳಿದಾಗ, ಪರದೇಶದಲ್ಲಿ ನೆಂಟರ ಮನೆ ಸಿಕ್ಕಂತಾಯಿತು.

ಕೇಳುವುದನ್ನು ಕಲಿತ ಮೇಲೆ ಉತ್ತರ ಕೇಳಿಸಿಕೊಳ್ಳುವುದನ್ನೂ ಕಲಿಯಬೇಕಾಯಿತು. ‘ಐ ಡೋಂಟ್ ಮೈಂಡ್’ ಎಂದರೆ ಇಲ್ಲಿಯವರಿಗೆ ಎರಡೂ ಒಪ್ಪಿಗೆ ಎಂದೇ ಅರ್ಥ. ನಾನು ಅದನ್ನು ನಮ್ಮ ಕಡೆಯ ಸಂಕೋಚವೆಂದು ತಿಳಿದು ಮತ್ತೆ ಮತ್ತೆ ಒತ್ತಾಯಿಸುತ್ತಿದ್ದೆ. ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ‘ಕಾಫಿ ಮಾಡಲೋ, ಮಜ್ಜಿಗೆ ಕೊಡಲೋ’ ಎಂದು ಕೇಳುತ್ತೇವೆ. ‘ಏನೂ ಬೇಡ’ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳುವುದೇ ಇಲ್ಲ. ಇಲ್ಲಿ ‘ನೋ, ಥ್ಯಾಂಕ್ ಯು’ ಎಂದರೆ ಬೇಡವೇ. ‘ಐ ವುಡ್ ರಾದರ್’ ಎಂದು ಶುರುಮಾಡಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳಬೇಕು, ಅವರಿಗೆ ಬೇಕಾದದ್ದು ಆಮೇಲೆ ಬರುತ್ತದೆ. ‘ಇದಕ್ಕಿಂತ ಅದೇ ವಾಸಿ’ ಎಂದು ನಾವು ಹೇಳುವಲ್ಲಿ ಅವರು ‘ರಾದರ್’ ಎನ್ನುತ್ತಾರೆ. ಅದರ ಮೂಲಾರ್ಥ ‘ಇನ್ನೂ ಬೇಗ’.

ಕಿಟಕಿಯ ಪಕ್ಕದ ಅಜ್ಜಿಗೆ ಈಗ ಮರೆವು ಹೆಚ್ಚಿದೆ. ಕಳೆದ ಚಳಿಗಾಲದಿಂದ ಏನು ಕೇಳಿದರೂ ಎರಡನೆಯದನ್ನೇ ಹೇಳತೊಡಗಿದರು. ‘ಟೀ ಆರ್ ಕಾಫಿ’ ಎಂದರೆ ಕಾಫಿ. ಮರುದಿನ ತಿರುಗಿಸಿ ‘ಕಾಫಿ ಆರ್ ಟೀ’ ಎಂದು ಕೇಳಿ ನೋಡಿದೆ, ಟೀ ಎಂದರು. ಕಿವಿಗೆ ಕೊನೆಗೆ ಬಿದ್ದದ್ದು ಬಾಯಿಗೆ ಬರುತ್ತಿತ್ತು ಅಷ್ಟೆ. ದನಿಯ ಏರಿಳಿತವನ್ನು ಅಷ್ಟು ಕಷ್ಟಪಟ್ಟು ಕಲಿತಿದ್ದೆ, ಅವರ ಪಾಲಿಗೆ ಅದರಿಂದ ಪ್ರಯೋಜನ ಇಲ್ಲವಾಯಿತು. ಈಗ ಊಟದ ಹೊತ್ತಿಗೆ ಎರಡು ತಟ್ಟೆಗಳಲ್ಲಿ ಸ್ವಲ್ಪ ಸ್ವಲ್ಪ ಬಡಿಸಿ ತಂದು ಮುಂದೆ ಹಿಡಿಯುತ್ತೇವೆ. ಬಟ್ಟೆಯೂ ಹಾಗೆಯೇ.

ಮೊನ್ನೆ ಭಾನುವಾರ ನೀಲಿ ಸ್ವೆಟರನ್ನು ಒಂದು ಕೈಯಲ್ಲಿ, ಕೆನೆ ಬಣ್ಣದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವರ ಎದುರು ಮಂಡಿಯೂರಿ ಕುಳಿತೆ. ಮಾತಾಡಲಿಲ್ಲ. ಅವರ ಕಣ್ಣು ಅತ್ತ ಹೋಯಿತು, ಇತ್ತ ಬಂತು. ಬೆರಳುಗಳು ಕೆನೆ ಬಣ್ಣದ ತೋಳಿನ ಅಂಚನ್ನು ಮುಟ್ಟಿ, ಅಲ್ಲಿಂದ ಸರಿದು ನೀಲಿಯ ಗುಂಡಿಯ ಮೇಲೆ ನಿಂತವು. ಗುಂಡಿಯನ್ನು ಎರಡು ಸಲ ತಿರುಗಿಸಿದರು. ತೊಡಿಸಿದೆ. ಆ ದಿನದ ವರದಿಯಲ್ಲಿ, ಸಮಯ 8:40 ಎಂದು ಹಾಕಿ ಬರೆದೆ: ಎರಡು ಸ್ವೆಟರ್ ತೋರಿಸಲಾಯಿತು, ನೀಲಿಯನ್ನು ತಾವೇ ಆರಿಸಿಕೊಂಡರು.