ಪೊಲೊನ್ನರುವದಲ್ಲಿ 5 ರಾತ್ರಿ, ಆಮೇಲೆ ಲಕ್ಕುಂಡಿಯಲ್ಲಿ 2 ದಿನ

ಶ್ರೀಲಂಕಾಕ್ಕೆ ಹೋಗುವ ಯೋಚನೆ ಇದ್ದವರು ರೂಮ್ ಬುಕ್ ಮಾಡುವ ಮೊದಲು ಇದನ್ನು ಓದಿ. ನಾನು ಮತ್ತು ನಮ್ಮ ಮನೆಯವರು 11 ದಿನಕ್ಕೆ ಹೋಗಿದ್ದೆವು. ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ವಿಮಾನ. ವಾರದಲ್ಲಿ ಏಳು ಊರು ತೋರಿಸುತ್ತೇವೆ ಅನ್ನುವ ಪ್ಯಾಕೇಜ್ ಬೇಕಾದಷ್ಟು ಇದ್ದವು, ನಾನೇ ಬೇಡ ಅಂದೆ. ಇವರಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ, ಸೈಕಲ್ ತುಳಿಯಲು ಮಾತ್ರ ಏನೂ ತೊಂದರೆ ಇಲ್ಲ. ನನಗೆ ಗದ್ದಲ ಆಗುವುದಿಲ್ಲ. ಹಾಗಾಗಿ ಮೂರೇ ಊರು. ಕೊಲಂಬೊ ಬಗ್ಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಮೊದಲು ಸಿಗಿರಿಯಾ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ಅಲ್ಲಿ ನಮಗೆ ಮೋಸ ಆಯಿತು. ಅದು ದೊಡ್ಡ ಬಂಡೆಯ ಮೇಲಿನ ಹಳೇ ಕೋಟೆ, ಹತ್ತಲು ಸುಮಾರು 1200 ಮೆಟ್ಟಿಲು, ನಾವು ಹತ್ತಲಿಲ್ಲ, ಕೆಳಗಿನಿಂದಲೇ ನೋಡಿದೆವು. ಬೇಜಾರಾಗಿದ್ದು ರೂಮಿನ ಬಿಲ್ಲು ನೋಡಿ. ಫೋನಿನಲ್ಲಿ ಹೇಳಿದ್ದು ಒಂದು ದರ. ಹೊರಡುವಾಗ ಅದರ ಮೇಲೆ ಸರ್ವಿಸ್ ಚಾರ್ಜ್, ಅದರ ಮೇಲೆ ಟ್ಯಾಕ್ಸ್, ಎಲ್ಲವನ್ನೂ ಡಾಲರಿನಲ್ಲಿ ಕೂಡಿಸಿ, ಆಮೇಲೆ ಅವರಿಗೆ ತಿಳಿದ ದರದಲ್ಲಿ ಲಂಕಾ ರೂಪಾಯಿಗೆ ತಿರುಗಿಸಿ ಕೈಗೆ ಕೊಟ್ಟರು. ಕಿಟಕಿ ತೆಗೆದರೆ ಪಕ್ಕದಲ್ಲೇ ಜನರೇಟರ್, ಅದಕ್ಕೆ ಇಷ್ಟು ದುಡ್ಡು! ನೀವು ಮೊದಲೇ "ಎಲ್ಲಾ ಸೇರಿ ಎಷ್ಟು, ಲಂಕಾ ರೂಪಾಯಿಯಲ್ಲಿ ಹೇಳಿ" ಅಂತ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಹಾಕಿಸಿಕೊಳ್ಳಿ. ನಮ್ಮ ಒಂದು ರೂಪಾಯಿಗೆ ಅವರದು ಮೂರಕ್ಕಿಂತ ಜಾಸ್ತಿ ಬರುತ್ತದೆ, ದೊಡ್ಡ ಅಂಕಿ ಕಂಡು ಗಾಬರಿ ಆಗಬೇಡಿ. ಸುಮ್ನೆ ಮೊಬೈಲ್ ತೆಗೆದು ಲೆಕ್ಕ ಹಾಕಿ.

ಮರುದಿನ ಹತ್ತಿರದ ದಂಬುಲ್ಲದಿಂದ ಶ್ರೀಲಂಕಾದ ಹಳೇ ರಾಜಧಾನಿ ಪೊಲೊನ್ನರುವಕ್ಕೆ ಬಸ್ಸು. ಅದು ಬರುವಾಗಲೇ ತುಂಬಿಕೊಂಡು ಬಂತು. ಬ್ಯಾಗು ಕಾಲಮೇಲೆ, ಒಂದು ಕೈ ಮೇಲಿನ ಸರಳಿಗೆ, ಕಿವಿ ಹತ್ತಿರ ಸ್ಪೀಕರ್, ಸುಮಾರು ಎರಡು ತಾಸು ಹಾಗೇ ನಿಂತೆವು. ಇವರ ಮುಖ ನೋಡಿ ನನಗೆ ಅಳು ಬರುವುದೊಂದು ಬಾಕಿ. ಕೊನೆಗೆ ಶಾಲೆಯ ಹುಡುಗ ಒಬ್ಬ ಎದ್ದು ಇವರಿಗೆ ಸೀಟು ಕೊಟ್ಟ. ವಾಪಸ್ ಬರುವಾಗ, ಪೊಲೊನ್ನರುವದಲ್ಲಿ ನಾವು ಇಳಿದಿದ್ದ ಮನೆಯಂಥ ಗೆಸ್ಟ್ ಹೌಸಿನ ಯಜಮಾನರು ಒಂದು ಮಾತು ಹೇಳಿದರು, ಅದನ್ನು ನೀವೂ ನೆನಪಿಡಿ. ಪೊಲೊನ್ನರುವದ ಮುಖ್ಯ ಬಸ್ ಸ್ಟ್ಯಾಂಡು ಮತ್ತು ರೈಲ್ವೆ ಸ್ಟೇಷನ್ ಹಳೇ ಊರಿನಲ್ಲಿ ಇಲ್ಲ, ನಾಲ್ಕು ಕಿಲೋಮೀಟರ್ ಆಚೆ ಕಡುರುವೆಲದಲ್ಲಿ ಇವೆ. ಆಟೋ ಮಾಡಿ ಅಲ್ಲಿಗೇ ಹೋಗಿ ಹತ್ತಿದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ನಮಗೆ ಸಿಕ್ಕಿತು.

ಎಲ್ಲರೂ ಪೊಲೊನ್ನರುವಕ್ಕೆ ಅರ್ಧ ದಿನ ಕೊಡುತ್ತಾರೆ. ನಾವು 5 ರಾತ್ರಿ ಇದ್ದೆವು. ಊರು ಸಪಾಟು, ಬಾಡಿಗೆ ಸೈಕಲ್ ಸಿಗುತ್ತದೆ. ಹಳೇ ಗುಡಿ, ಅರಮನೆ ನೋಡುವ ಟಿಕೆಟ್ ಒಂದು ದಿನಕ್ಕೆ. ಸಾರ್ಕ್ ದೇಶದವರಿಗೆ (ನಾವು ಭಾರತದವರೂ ಅದರಲ್ಲಿ) ಕಡಿಮೆ ದರ, ಅದಕ್ಕೆ ಪಾಸ್‌ಪೋರ್ಟ್ ಜೊತೆಗೇ ಇರಲಿ. ಉಳಿದ ದಿನ ಏನು ಮಾಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಪರಾಕ್ರಮ ಸಮುದ್ರದ ಏರಿ ಮೇಲೆ ಸೈಕಲ್. ಹೆಸರಿಗೆ ಸಮುದ್ರ, ನಿಜಕ್ಕೂ 12ನೇ ಶತಮಾನದಲ್ಲಿ ರಾಜ ಪರಾಕ್ರಮಬಾಹು ಕಟ್ಟಿಸಿದ ಕೆರೆ, ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯಂಥವು ಅದರಲ್ಲಿ ಎಷ್ಟು ಹಿಡಿಯುತ್ತವೋ! ಏರಿಯ ದಕ್ಷಿಣದ ತುದಿಯಲ್ಲಿ ಪೊತ್‌ಗುಲ್ ವಿಹಾರ ಇದೆ, ಅಲ್ಲಿಗೆ ಟಿಕೆಟ್ ಇಲ್ಲ, ಜನವೂ ಇಲ್ಲ.

ಟಿಕೆಟ್ ತೆಗೆದ ದಿನ, ಬಂಡೆಯಲ್ಲೇ ಬುದ್ಧನ ಮೂರ್ತಿಗಳನ್ನು ಕೆತ್ತಿರುವ ಗಲ್ ವಿಹಾರಕ್ಕೆ ಸಂಜೆ ಹೋಗಿ, ಟೂರ್ ಬಸ್ಸುಗಳು ಹೊರಟ ಮೇಲೆ. ಚಪ್ಪಲಿ, ಟೋಪಿ ತೆಗೆಯಬೇಕು, ನೆಲ ಕಾದಿರುತ್ತದೆ, ದಪ್ಪ ಸಾಕ್ಸ್ ಒಯ್ಯಿರಿ. ಮಲಗಿದ ಬುದ್ಧ ಸುಮಾರು 46 ಅಡಿ. ನಾನು ಬಹಳ ಹೊತ್ತು ನೋಡಿದ್ದು ತಲೆ ಕೆಳಗಿನ ದಿಂಬನ್ನು. ತಲೆಯ ಭಾರಕ್ಕೆ ದಿಂಬು ಒಂದಿಷ್ಟು ತಗ್ಗಿದ ಹಾಗೆ ಕೆತ್ತಿದ್ದಾರೆ, ಕಲ್ಲಿನ ದಿಂಬು!

ಪೊಲೊನ್ನರುವದಲ್ಲಿಯೇ ಇಡೀ ಕಲ್ಲಿನಲ್ಲಿ ಕಟ್ಟಿದ ಒಂದು ಶಿವನ ಗುಡಿ ಇದೆ, ಎರಡನೇ ಶಿವ ದೇವಾಲೆ ಅನ್ನುತ್ತಾರೆ. ಚೋಳರು 11ನೇ ಶತಮಾನದಲ್ಲಿ ಕಟ್ಟಿದ್ದು. ಇವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವರು. "ಇದೇ ಚೋಳರು ಅದೇ ಶತಮಾನದಲ್ಲಿ ನಮ್ಮ ಬೆಳ್ವೊಲಕ್ಕೆ ನುಗ್ಗಿ ಬಸದಿ ಸುಟ್ಟರು ನೋಡು, ಗಾವರವಾಡದ ಶಾಸನದಾಗ ಐತಿ, ಅಣ್ಣಿಗೇರಿ ಬಸದಿ" ಅಂದರು. ಬೆಳ್ವೊಲ ಅಂದರೆ ನಮ್ಮ ಗದಗ, ಅಣ್ಣಿಗೇರಿ ಸೀಮೆಯ ಹಳೇ ಹೆಸರು. ಅಣ್ಣಿಗೇರಿ ದಾಟಿ ನಾನು ಎಷ್ಟು ಸಲ ಗದಗಕ್ಕೆ ಹೋಗಿದ್ದೇನೆ, ಒಮ್ಮೆಯೂ ಇಳಿದಿಲ್ಲ. ಲಕ್ಕುಂಡಿ ನೋಡಿದ್ದು ಒಂದೇ ಸಲ, ಯಾವುದೋ ಮದುವೆಗೆ ಹೋಗುವಾಗ, ಅರ್ಧ ತಾಸು. ಸಮುದ್ರ ದಾಟಿ ಬಂದು 5 ರಾತ್ರಿ ಇದ್ದೇವೆ, ಮನೆ ಹತ್ತಿರದ್ದಕ್ಕೆ ಅರ್ಧ ತಾಸು ಕೊಟ್ಟಿದ್ದೇವೆ ಅಂತ ಅಲ್ಲೇ ಮನಸ್ಸಿಗೆ ನಾಟಿತು.

ಬಂದ ಮೇಲೆ ಒಂದು ತಿಂಗಳಿಗೆ ಗದಗದಲ್ಲಿ ಲಾಡ್ಜ್ ಮಾಡಿ ಎರಡು ದಿನವೂ ಲಕ್ಕುಂಡಿಗೆ ಹೋದೆವು. ಗದಗದಿಂದ 12 ಕಿಲೋಮೀಟರ್ ಆಸುಪಾಸು. ಕೊಪ್ಪಳ ಕಡೆ ಹೋಗುವ ಬಸ್ಸೆಲ್ಲಾ ಅಲ್ಲಿ ನಿಲ್ಲುತ್ತವೆ ಅಂದುಕೊಳ್ಳಬೇಡಿ, ಹತ್ತುವ ಮೊದಲು ಕಂಡಕ್ಟರನ್ನು ಕೇಳಿ. ನಮ್ಮನ್ನು ಒಬ್ಬರು ಹತ್ತಿಸಿಕೊಂಡು ಆಮೇಲೆ ಇಳಿಸಿದರು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಬೆಳಿಗ್ಗೆ, ಮಾಣಿಕೇಶ್ವರದ ಮುಸುಕಿನ ಬಾವಿಗೆ ಬಿಸಿಲೇರಿದ ಮೇಲೆ ಹೋಗಿ, ಅಲ್ಲಿ ತಂಪು. ಕಾಶಿ ವಿಶ್ವನಾಥ ಗುಡಿಯಲ್ಲಿ ಶಿವನ ಎದುರಿಗೇ ಸೂರ್ಯನ ಗುಡಿ. ಅಲ್ಲಿಯ ಕಂಬದ ಹತ್ತಿರ ಹೋಗಿ, ಬೆಳಕಿಗೆ ಓರೆಯಾಗಿ ನೋಡಿ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಬಳೆಯಂಥ ಸಣ್ಣ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ, ಬಳೆಗಾರ ಕೋಲಿಗೆ ಏರಿಸಿಟ್ಟ ಹಾಗೆ. ಅರ್ಧ ತಾಸಿನಲ್ಲಿ ಇದು ಕಾಣುವುದಿಲ್ಲ.

ಊಟದ ಬಗ್ಗೆ ಹೇಳಲೇಬೇಕು. ಪೊಲೊನ್ನರುವದಲ್ಲಿ ಮಣ್ಣಿನ ಗಡಿಗೆಯಿಂದ ಬಡಿಸುವ ಎಳೆ ಹಲಸಿನ ಪಲ್ಯ, ತೆಂಗಿನಕಾಯಿ ಚಟ್ನಿಯಂಥ ಸಂಬೋಲ ಚೆನ್ನಾಗಿತ್ತು. ಆದರೆ ಗದಗದ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಒಂದು ಖಾನಾವಳಿ ಸಿಕ್ಕಿತು, ಬೋರ್ಡು ಪೂರಾ ಮಾಸಿದೆ, ಐದೇ ಮೇಜು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಹೊರಗಿನವರೆಗೂ ಕೇಳುತ್ತದೆ, ಅದನ್ನೇ ಗುರುತು ಇಟ್ಟುಕೊಳ್ಳಿ. ಉಬ್ಬಿದ ರೊಟ್ಟಿ ತಟ್ಟೆಗೆ ಬಿದ್ದಾಗ ಉಗಿ ಹೋಗುತ್ತಿರುತ್ತದೆ. ಎಣಗಾಯಿ, ಮಡಿಕೆ ಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೇಲೆ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. "ಬಿಸಿ ಐತ್ರಿ ಅಕ್ಕಾರ, ಇನ್ನೊಂದ್ ಹಾಕ್ಕೋರಿ" ಅಂತ ಆ ತಾಯಿ ಒತ್ತಾಯ ಮಾಡಿ ಮೂರನೇದು ಹಾಕಿದರು, ಬಿಲ್ಲಿನಲ್ಲಿ ಮೂರನೇದರ ಲೆಕ್ಕವೇ ಇರಲಿಲ್ಲ. ಸಿಗಿರಿಯಾದ ಒಂದು ಚಹಾದ ದುಡ್ಡಿನಲ್ಲಿ ನಾವಿಬ್ಬರೂ ಹೊಟ್ಟೆ ತುಂಬ ಊಟ ಮಾಡಿದೆವು. ಒಂದೂವರೆ ಒಳಗೆ ಹೋಗಿ, ಎರಡಕ್ಕೆ ಎಣಗಾಯಿ ಮುಗಿದಿರುತ್ತದೆ.

ಡಂಬಳದ ದೊಡ್ಡಬಸಪ್ಪ ಗುಡಿ ಈ ಸಲ ಆಗಲಿಲ್ಲ. ಅದಕ್ಕೇ ಅಂತ ಒಂದು ಪೂರ್ತಿ ದಿನ ಇಟ್ಟಿದ್ದೇವೆ, ಚಳಿ ಶುರು ಆದ ಮೇಲೆ, ಗದಗದಿಂದ ಮುಂಡರಗಿ ಕಡೆಯ ಮೊದಲ ಬಸ್ಸಿಗೆ.