ಆಸ್ಪತ್ರೆ ಎದುರು ನಿಲ್ಲದೇ ಹೋದ ಹಾರ್ನ್

ಕಳೆದ ಮಳೆಗಾಲದ ಮಾತು. ಇವತ್ತಿಗೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆ ಮುಂದೆ ಹೋಗುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ನಾನು ಗೋಕುಲ ರೋಡಿನ ಒಂದು ಕಾರ್ ಆಕ್ಸೆಸರಿ ಅಂಗಡಿಯಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ ಆಯ್ತು. ಅವತ್ತು ಮಧ್ಯಾಹ್ನ ಮೂರೂವರೆಗೆ ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಸ್ವಿಫ್ಟ್ ತಂದರು. ಏರ್ ಹಾರ್ನ್ ಕಿಟ್ ಅವರೇ ಎಲ್ಲಿಂದಲೋ ತಂದಿದ್ದರು. ಎರಡು ಕೆಂಪು ತುತ್ತೂರಿ, ಅವಕ್ಕೆ ಗಾಳಿ ತುಂಬುವ ಕಂಪ್ರೆಸರ್, ಪೈಪ್, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಒಂದಿಷ್ಟು ತೆಳ್ಳನೆಯ ವೈರ್.

"ತಮ್ಮಾ, ರಾತ್ರಿ ಹಾವೇರಿಯಿಂದ ಬರೂ ಮುಂದ ಲಾರಿಯವ್ರು ಬಾಜೂಕ ಸರಿಯೂದಿಲ್ಲ. ಇದನ್ನ ಹೊಡದ್ರ ಎದ್ದು ಕುಂದರಬೇಕು ನೋಡು" ಅಂದರು.

ನಮ್ಮ ಮಾಲೀಕರು ಒಳಗಿಂದಲೇ, "ಐದಕ್ಕ ಡೆಲಿವರಿ ಅಂತ ಹೇಳೇನಿ" ಅಂದರು. ಬಂಪರ್ ಬಿಚ್ಚಿ, ಹಾಕಿ, ಮತ್ತೆ ಕೂಡಿಸೋಕೆ ಒಂದೂವರೆ ತಾಸು. ಕೌಂಟರ್ ಮೇಲೆ ಕೂತು ಟೈಮ್ ಕೊಡೋದು ಸುಲಭ.

ಸ್ವಿಫ್ಟ್ ಮುಂದೆ ಜಾಗ ಕಮ್ಮಿ. ಕಂಪ್ರೆಸರನ್ನು ನೆಟ್ಟಗೆ ನಿಲ್ಲಿಸಬೇಕು ಅಂತ ಕಿಟ್ ಜೊತೆ ಬಂದ ಕಾಗದದಲ್ಲೇ ಚಿತ್ರ ಇತ್ತು. ನಿಲ್ಲಿಸೋಕೆ ಆಗಲಿಲ್ಲ, ಬ್ಯಾಟರಿ ಪಕ್ಕ ಅಡ್ಡ ಮಲಗಿಸಿದೆ. ಪೈಪ್ ಒಂದು ಕಡೆ ಮಡಚಿಕೊಂಡಿತ್ತು, ಪರವಾಗಿಲ್ಲ ಅಂದುಕೊಂಡೆ. ರಿಲೇಯ 30ನೇ ನಂಬರಿನ ಪಿನ್‌ಗೆ ಬ್ಯಾಟರಿಯಿಂದ ನೇರ ಲೈನ್, 87ನೇ ಪಿನ್‌ನಿಂದ ಕಂಪ್ರೆಸರ್‌ಗೆ, 85-86ನೇ ಪಿನ್‌ಗೆ ಕಂಪನಿ ಹಾರ್ನ್‌ನ ಕನೆಕ್ಷನ್. ಇಲ್ಲಿಯವರೆಗೆ ಸರಿಯೇ. ಆ ಬ್ಯಾಟರಿ ಲೈನಿನ ನಡುವೆ ಬರುವ ಫ್ಯೂಸ್ ಹೋಲ್ಡರ್ ಕಾಣಬಾರದು ಅಂತ ಟೇಪ್ ಸುತ್ತಿ ಹೆಡ್‌ಲೈಟ್ ಹಿಂದೆ ತಳ್ಳಿ ಟ್ಯಾಗ್ ಹಾಕಿದೆ. ರಿಲೇಯನ್ನು ಇನ್ನೂ ಒಳಗೆ ಬೋಲ್ಟ್ ಮಾಡಿದೆ. ನನ್ನ ಫಿನಿಶಿಂಗ್ ಚೆನ್ನಾಗಿರುತ್ತದೆ ಅಂತ ಅಂಗಡಿಯಲ್ಲಿ ಹೆಸರಿದೆ. ಅದರ ಮೇಲೆ ನನಗೆ ಅಭಿಮಾನವೂ ಇತ್ತು.

ಬಂಪರ್ ಕೂಡಿಸುವ ಮೊದಲು ಚೆಕ್ ಮಾಡಿದೆ. ಮೂರನೇ ಸಲ ಒತ್ತಿದಾಗ 20 ಆಂಪ್ಸ್ ಫ್ಯೂಸ್ ಹೋಯ್ತು. ಇನ್ನೊಂದು 20 ಹಾಕಿದೆ. ಏಳೆಂಟು ಸಲ ಹೊಡೆಯಿತು, ಅದೂ ಹೋಯ್ತು. ಎರಡು ಸಲ ಫ್ಯೂಸ್ ಹೋದರೆ ಎಲ್ಲೋ ಕರೆಂಟ್ ಜಾಸ್ತಿ ಎಳೀತಿದೆ ಅಂತಲೇ ಅರ್ಥ. ಕೆಲಸ ಕಲಿಯೋಕೆ ಬರುವ ಹುಡುಗರಿಗೆ ನಾನೇ ಹೇಳಿಕೊಡುವ ಮಾತು ಇದು. ಆದರೂ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು ನೋಡಿ 30ರ ಫ್ಯೂಸ್ ಹಾಕಿದೆ. ವೈರ್ ಅದೇ ಕಿಟ್‌ನ ತೆಳು ವೈರ್. ಫ್ಯೂಸ್ ಇರೋದು ವೈರ್ ಉಳಿಸೋಕೆ ಅನ್ನೋದನ್ನ ಆ ಗಳಿಗೆಯಲ್ಲಿ ನಾನು ಬೇಕಂತಲೇ ಮರೆತೆ. ಹಾರ್ನ್ ಜೋರಾಗಿ ಹೊಡೆಯಿತು. ವ್ಯಾಪಾರಿಗೆ ಖುಷಿ ಆಯ್ತು.

ಟ್ರಯಲ್‌ಗೆ ಹೊರಟೆವು. ಅವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಹೊಸೂರು ದಾಟಿ ಪಿಬಿ ರೋಡ್ ಹಿಡಿಯುವವರೆಗೆ ಸುಮ್ನೆ ಸುಮ್ನೆ ಹತ್ತಿಪ್ಪತ್ತು ಸಲ ಒತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಕಿಮ್ಸ್ ಹತ್ತಿರ ಒಂದು ಆಟೋ ಅಡ್ಡ ಬಂತು. ಒತ್ತಿದರು. ಕೈ ತೆಗೆದರು. ಹಾರ್ನ್ ನಿಲ್ಲಲಿಲ್ಲ.

ಅವರು ಮತ್ತೆ ಮತ್ತೆ ಪ್ಯಾಡ್ ಮೇಲೆ ಗುದ್ದಿದರು. ಚಾವಿ ತಿರುಗಿಸಿ ಇಂಜಿನ್ ಆಫ್ ಮಾಡಿದರು. ಬ್ಯಾಟರಿಯಿಂದ ನೇರ ಲೈನ್ ಕೊಟ್ಟವನು ನಾನು, ಆಫ್ ಆದರೂ ನಿಲ್ಲಲ್ಲ ಅಂತ ನನಗೆ ಗೊತ್ತು. ಬಾನೆಟ್ ಎತ್ತಿ ಫ್ಯೂಸ್ ಬಾಕ್ಸ್‌ನಿಂದ ಕಂಪನಿ ಹಾರ್ನ್‌ನ ಫ್ಯೂಸ್ ಕಿತ್ತೆ. ಏನೂ ಆಗಲಿಲ್ಲ. ರಿಲೇ ಒಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಅಂಟಿಕೊಂಡಿದೆ ಅಂತ ಆಗ ಹೊಳೆಯಿತು. ನನ್ನ 30ರ ಫ್ಯೂಸ್ ಕೀಳಬೇಕು ಅಂದರೆ ಹೆಡ್‌ಲೈಟ್ ಹಿಂದೆ ಬೆರಳೂ ಹೋಗುತ್ತಿಲ್ಲ. ರಿಲೇ ಇನ್ನೂ ಒಳಗೆ. ಬ್ಯಾಟರಿ ಟರ್ಮಿನಲ್ ಬಿಚ್ಚಲು 10ರ ಪಾನಾ ಬೇಕು, ಅದು ಅಂಗಡಿಯಲ್ಲಿ. ತುತ್ತೂರಿ ಎದುರಿಗೇ ನಿಂತಿದ್ದರಿಂದ ತಲೆ ಓಡುತ್ತಲೇ ಇಲ್ಲ. ವೈರ್ ಎಳೆದು ಕೀಳೋಣ ಅಂತ ಮುಟ್ಟಿದೆ, ಪ್ಲಾಸ್ಟಿಕ್ ಮೆತ್ತಗಾಗಿ ಬೆರಳು ಚುರ್ ಅಂತು.

ತಲೆ ಎತ್ತಿದೆ. ಫುಟ್‌ಪಾತ್ ಮೇಲೆ ತಾಯಿಯೊಬ್ಬರು ಮಗುವಿನ ಎರಡೂ ಕಿವಿ ಮುಚ್ಚಿ ಎದೆಗೆ ಒತ್ತಿಕೊಂಡಿದ್ದರು. ನಮ್ಮ ಹಿಂದೆ ಆಂಬುಲೆನ್ಸ್. ಅದು ಬಂದು ಎಷ್ಟು ಹೊತ್ತಾಗಿತ್ತೋ ನನಗೆ ತಿಳಿಯದು. ಅದರ ಸೈರನ್ ನನಗೆ ಕೇಳಿಸಿಯೇ ಇರಲಿಲ್ಲ.

ಅಡ್ಡ ಬಂದಿದ್ದ ಆಟೋದ ಅಜ್ಜಾರೇ ಓಡಿ ಬಂದರು. "ಸರಿಯೋ ತಮ್ಮಾ" ಅಂತ ನನ್ನ ಭುಜ ಹಿಡಿದು ಪಕ್ಕಕ್ಕೆ ಮಾಡಿ, ಕಂಪ್ರೆಸರ್‌ನಿಂದ ಗಾಳಿ ಪೈಪ್ ಎಳೆದು ಕಿತ್ತರು. ಸದ್ದು ನಿಂತಿತು. ಬರೀ ಮೋಟಾರ್ ಗುಯ್‌ಗುಡುತ್ತಿತ್ತು. ಗಾಳಿ ಇಲ್ಲದೆ ತುತ್ತೂರಿ ಊದುತ್ತಾ? ನಾನು ಕರೆಂಟ್ ಹಿಂದೆ ಬಿದ್ದಿದ್ದೆ, ಪೈಪ್ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅಜ್ಜಾರ ಹತ್ತಿರ ಪಾನಾನೂ ಇತ್ತು, ಟರ್ಮಿನಲ್ ಬಿಚ್ಚಿದೆವು. ನಾಲ್ಕು ಜನ ಸೇರಿ ಕಾರು ತಳ್ಳಿದ ಮೇಲೆ ಆಂಬುಲೆನ್ಸ್ ಮುಂದೆ ಹೋಯ್ತು. ಒಟ್ಟು ಎರಡು ಮೂರು ನಿಮಿಷ ಇರಬಹುದು. ಒಳಗೆ ಯಾರಿದ್ದರೋ, ಏನಾಯ್ತೋ, ನಾನು ಕೇಳಲಿಲ್ಲ. ಕೇಳಬೇಕಿತ್ತು.

ರಾತ್ರಿ ಆ ರಿಲೇ ಒಡೆದು ನೋಡಿದೆ. ಎರಡು ಪಾಯಿಂಟ್ ಕರಗಿ ಒಂದೇ ಆಗಿದ್ದವು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಪ್ರತಿ ಸಲ ಒತ್ತಿ ಬಿಟ್ಟಾಗಲೂ ಪಾಯಿಂಟ್ ನಡುವೆ ಕಿಡಿ. ಅಡ್ಡ ಮಲಗಿಸಿದ ಕಂಪ್ರೆಸರ್, ಮಡಚಿದ ಪೈಪ್, ಅಗ್ಗದ ರಿಲೇ, ಟಪಟಪ ಒತ್ತುವ ಕೈ. 20ರ ಫ್ಯೂಸ್ ಇದ್ದಿದ್ದರೆ ಅದು ಮೊದಲೇ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನೊಂದು ವಿಷಯ ಇದೆ, ಅದನ್ನ ನಮ್ಮ ಲೈನಿನವರು ಯಾರೂ ಬಾಯಿಬಿಟ್ಟು ಹೇಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೇ ನಿಯಮ ಅಂತ ಇದೆ. ಬೇರೆ ಬೇರೆ ಸ್ವರ ಒಂದರ ಹಿಂದೆ ಒಂದು ಬರುವ ಹಾರ್ನ್, ಅತಿ ಜೋರಾದ, ಕರ್ಕಶವಾದ, ಜನರನ್ನ ಬೆಚ್ಚಿಬೀಳಿಸುವ ಸದ್ದಿನ ಸಾಧನ ಗಾಡಿಗೆ ಹಾಕುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಸದ್ದಿನ ತಪ್ಪಿಗೆ 10,000 ರೂಪಾಯಿವರೆಗೆ ದಂಡ ಹಾಕಬಹುದು. ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನ ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು, ಅಂಥ ಕಡೆ ಹಗಲಲ್ಲಿ ಮಿತಿ ಬರೀ 50 ಡೆಸಿಬಲ್. ದಂಡ ಕಟ್ಟೋದು ಗಿರಾಕಿ, ಹಾಕಿದವರು ನಾವು. ನಮಗೆ ಗೊತ್ತಿದ್ದೂ ಹೇಳದೇ ಇರೋದು ನನ್ನ ಮಟ್ಟಿಗೆ ಮೋಸವೇ.

ಮಾಲೀಕರಿಗೆ ಮರುದಿನವೇ ಹೇಳಿದೆ, ಏರ್ ಹಾರ್ನ್ ನಾನಿನ್ನು ಹಾಕಲ್ಲ ಅಂತ. "ನಾವ್ ಹಾಕಲಿಲ್ಲಂದ್ರ ಬಾಜೂ ಅಂಗಡ್ಯಾಗ ಹಾಕಸ್ತಾರ" ಅಂದರು. ಹಾಕಿಸಲಿ. ಹೆದ್ದಾರಿಯಲ್ಲಿ ಕೇಳಿಸಬೇಕು ಅನ್ನುವವರಿಗೆ ಈಗ ಬಸವನಹುಳು ಆಕಾರದ ವಿಂಡ್‌ಟೋನ್ ಜೋಡಿ ಹಾಕುತ್ತೇನೆ. ಗಾಡಿಗಂತಲೇ ಮಾಡಿದ, ಐಎಸ್‌ಐ ಗುರುತಿರುವ ಹಾರ್ನ್. ಒಳ್ಳೆ ರಿಲೇ, 2.5 ಸ್ಕ್ವೇರ್ ಎಂಎಂ ವೈರ್, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ, ಬಾನೆಟ್ ಎತ್ತಿದ ಕೂಡಲೇ ಕೈಗೆ ಸಿಗುವ ಹಾಗೆ. ಚೆಂದ ಕಾಣದಿದ್ದರೂ ಅಡ್ಡಿಯಿಲ್ಲ. ಬ್ಯಾಡಗಿಯವರಿಗೂ ಅದನ್ನೇ ನನ್ನ ಕೈಯಿಂದ ದುಡ್ಡು ಹಾಕಿ ಕೂಡಿಸಿಕೊಟ್ಟೆ. ಆ ತುತ್ತೂರಿಗಳನ್ನ ಅವರು ವಾಪಸ್ ಒಯ್ಯಲಿಲ್ಲ.

ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಅಂಗಡಿಯಲ್ಲಿದೆ, ಅದು ಎಸಿ, ಅಂದರೆ ಮನೆಗೆ ಬರುವಂಥ ಕರೆಂಟ್ ಮಾತ್ರ ತೋರಿಸುತ್ತದೆ, ಕಾರಿನ ಡಿಸಿ ಕರೆಂಟ್ ಅಳೆಯೋಕೆ ಬರಲ್ಲ. ಡಿಸಿ ಅಳೆಯುವ ಮೀಟರ್ ಇದ್ದಿದ್ದರೆ ಮೊದಲ ಫ್ಯೂಸ್ ಹೋದಾಗಲೇ ಎಷ್ಟು ಎಳೀತಿದೆ ಅಂತ ನೋಡಬಹುದಿತ್ತು. ಡಿಸಿ ಮೀಟರ್ ತರಿಸಿ ಅಂತ ನಾಲ್ಕು ಸಲ ಕೇಳಿದ್ದೇನೆ. ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಕೇಳುತ್ತೇನೆ.